ಬಾಯಿ ಮುಚ್ಚಿದ ಸೋಮವಾರ

ನನ್ನ ಮೊಮ್ಮಗಳು ಹುಟ್ಟಿ ಮೂರು ದಿನವಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೆ ಒಬ್ಬ ನರ್ಸ್ ಹುಡುಗಿ ಬಂದು ಮಗುವಿನ ಕಿವಿಗೆ ಒಂದು ಪುಟ್ಟ ಮಿಷನ್ ಹಿಡಿದಳು. ಬಲಗಿವಿಗೆ ಒಂದು ಸಲ, ಎಡಗಿವಿಗೆ ಒಂದು ಸಲ, ಮತ್ತೆ ಬಲಗಿವಿಗೆ. ಆಮೇಲೆ ಫೈಲಿನಲ್ಲಿ ಬರೆದು, "ಎರಡೂ ಕಿವಿ ರೆಫರ್ ಅಂತ ಬಂದಿದೆ ಅಮ್ಮ, ಅಂದ್ರೆ ಪಾಸ್ ಆಗಿಲ್ಲ, ಇನ್ನೊಂದ್ಸಲ ನೋಡ್ಬೇಕು. ಗಾಬರಿ ಆಗ್ಬೇಡಿ, ಒಂದೂವರೆ ತಿಂಗಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ" ಎಂದಳು. ಇನ್ನೂ ಏನೇನೋ ಹೇಳಿದಳು. ನನಗೆ ಕೇಳಿಸಿದ್ದು ಒಂದೇ: ಮಗುವಿಗೆ ಕಿವಿ ಕೇಳಿಸುವುದಿಲ್ಲ.

ಶಿವಭಕ್ತ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ಭದ್ರಾವತಿಯ ಗಿರಿಜಮ್ಮ. ನಿಮಗೆಲ್ಲ ನನ್ನ ಶರಣು. ನಮ್ಮ ಭಜನೆಯವರು ಬರೆದುಕೊಡಿ ಎಂದು ಹಿಂದೆ ಬಿದ್ದದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ, ಮಾತಾಡಿ ಅಭ್ಯಾಸ. ನಾನು ಅಡುಗೆಮನೆಯಲ್ಲಿ ಕೇಳಿದ ಪ್ರಶ್ನೆಗೆ ಬೀದಿಯ ಕೊನೆ ಮನೆಯವರು ಉತ್ತರ ಕೊಡುತ್ತಾರೆ ಎಂದು ನನ್ನ ಮಗಳು ಹಾಸ್ಯ ಮಾಡುತ್ತಾಳೆ. ಸುಳ್ಳಲ್ಲ. ನಮ್ಮ ಯಜಮಾನರು ಮೂವತ್ತು ವರ್ಷ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಕಿವಿ ಮಂದ ಮಾಡಿಕೊಂಡರು. ಅವರಿಗೆ ಕೇಳಿಸಲಿ ಎಂದು ಕೂಗಿ ಕೂಗಿ ನನ್ನ ಗಂಟಲು ಹೀಗಾಯಿತು. ಮೊದಲೂ ಏನೂ ಕಡಿಮೆ ಇರಲಿಲ್ಲ ಬಿಡಿ.

ನನಗೆ ಒಬ್ಬಳೇ ಮಗಳು, ಸುಮಾ. ಕೊಟ್ಟಿರುವುದು ಶಿವಮೊಗ್ಗದ ಆಲ್ಕೊಳಕ್ಕೆ. ಅಳಿಯ ಪ್ರಶಾಂತ ಕಾಲೇಜಿನಲ್ಲಿ ಲೆಕ್ಚರರ್. ಸಂಕ್ರಾಂತಿ ಕಳೆದ ವಾರದಲ್ಲಿ ಹೆರಿಗೆಯಾಯಿತು, ಬಾಣಂತನಕ್ಕೆ ಮಗಳು ಭದ್ರಾವತಿಗೆ ನಮ್ಮ ಮನೆಗೆ ಬಂದಳು. ಬಾಣಂತನ ಮಾಡುವುದೆಂದರೆ ನನಗೆ ಹಬ್ಬ. ಓಣಿಯಲ್ಲಿ ಎಷ್ಟು ಮಕ್ಕಳಿಗೆ ಎರೆದಿದ್ದೇನೋ, ಈ ಕಾಲಿನ ಮೇಲೆ ಎಷ್ಟು ಕೂಸು ಉಚ್ಚೆ ಹೊಯ್ದಿವೆಯೋ, ಶಿವನಿಗೇ ಗೊತ್ತು. ಈಗ ನನ್ನ ಸ್ವಂತ ಮೊಮ್ಮಗಳು!

ಆ ದಿನಗಳ ಸೊಗಸನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಳಿ ಹಿಂದೆ ಸರಿದಿತ್ತು. ಮನೆ ಮುಂದಿನ ಹೊಂಗೆಮರ ಹಳೆ ಎಲೆಯನ್ನೆಲ್ಲ ಉದುರಿಸಿ ಮಿರಿಮಿರಿ ಚಿಗುರಿತ್ತು. ಬೆಳಿಗ್ಗೆ ಒಂಬತ್ತರ ಬಿಸಿಲು ನೇರ ಬಚ್ಚಲಿಗೇ ಬರುತ್ತಿತ್ತು. ನಾನು ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಒಂದು ಅಂಗೈ ತಟ್ಟಿ, ಹೊಕ್ಕುಳಿಗೆ ಒಂದು ಹನಿ, ಕಿವಿಗೆ ಎರಡೆರಡು ಹನಿ ಬಿಟ್ಟು, ಕೈಕಾಲು ನೀವಿ ಬಿಸಿನೀರು ಎರೆದರೆ, ಅದು ಮೊದಲು ಮನೆ ಹಾರಿಹೋಗುವ ಹಾಗೆ ಅತ್ತು, ಆಮೇಲೆ ಬಾಯಿ ಚಪ್ಪರಿಸುತ್ತಾ ಸುಮ್ಮನಾಗುತ್ತಿತ್ತು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಯಜಮಾನರು ಕೈ ಚಾಚಿ ಕಾದು ಕೂತಿರುತ್ತಿದ್ದರು. "ಹೋಳಿಗೆ ರೆಡಿನಾ?" ಎನ್ನುತ್ತಿದ್ದರು. ಬಿಸಿಬಿಸಿಯಾಗಿ, ಮೆತ್ತಗೆ, ಕೆಂಪಗೆ, ಹಾಗೇ ಇರುತ್ತಿತ್ತು ಕೂಸು.

ಸುಮಾ ಮಾತ್ರ ಮೆಣಸಿನ ಸಾರು ಅನ್ನ ನೋಡಿ ಮುಖ ಸಿಂಡರಿಸುತ್ತಿದ್ದಳು. "ಅಮ್ಮಾ, ಒಂದೇ ಒಂದು ಸಲ ಮಸಾಲೆ ದೋಸೆ ತಿಂತೀನಮ್ಮ."

"ಬಾಯ್ಮುಚ್ಚಿಕೊಂಡು ತಿನ್ನೇ ಮಾರಾಯ್ತಿ. ಕೂಸಿಗೆ ಹೊಟ್ಟೆನೋವು ಬಂದ್ರೆ ನೀನು ನೋಡ್ಕೊಳ್ತೀಯ?"

ಹೀಗೆ ನಗುತ್ತಾ ಗದರುತ್ತಾ ದಿನ ಹೋಗುತ್ತಿತ್ತು. ಆದರೆ ಆಸ್ಪತ್ರೆಯ ಆ ಫೈಲು ಬೀರುವಿನಲ್ಲಿತ್ತಲ್ಲ, ಅದು ನನ್ನನ್ನು ಬಿಡಲಿಲ್ಲ. ಮಗು ಮಲಗಿದಾಗ ನಾನೇ ಪರೀಕ್ಷೆ ಮಾಡಲು ಶುರು ಮಾಡಿದೆ. ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಸ್ಟೀಲ್ ತಟ್ಟೆ ಬೀಳಿಸಿದೆ. ಒಮ್ಮೊಮ್ಮೆ ಬೆಚ್ಚಿದ ಹಾಗೆ ಕಾಣುತ್ತಿತ್ತು, ಮರುಗಳಿಗೆ ಏನೂ ಇಲ್ಲ. ತಟ್ಟೆಯ ಸದ್ದಿಗೆ ಪಕ್ಕದ ಮನೆಯ ತಮಿಳಿನ ಸೆಲ್ವಿ ಏನಾಯಿತೋ ಎಂದು ಓಡಿ ಬಂದು "ಎನ್ನಾಚ್ಚು ಅಕ್ಕಾ? ಬಿದ್ರಾ?" ಎಂದು ಕೇಳಿದಳು. ಒಳಗೆ ಮೊಮ್ಮಗಳು ನಿದ್ದೆ, ಹೊರಗೆ ತಾತ ನಿದ್ದೆ. ಹೊಂಗೆಮರದಲ್ಲಿ ಕೋಗಿಲೆ ಕೂಗಲು ಶುರು ಮಾಡಿದ ಮೇಲಂತೂ ನನಗೆ ತಡೆಯಲು ಆಗುತ್ತಿರಲಿಲ್ಲ. ಅಯ್ಯೋ ಶಿವನೇ, ಇದು ನನ್ನ ಕೂಸಿಗೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದೆ.

ಒಂದೂವರೆ ತಿಂಗಳಾದ ಮೇಲೆ ಆಸ್ಪತ್ರೆಗೆ ಹೊರಟೆವು. ಅಳಿಯನಿಗೆ ಪರೀಕ್ಷೆಯ ಡ್ಯೂಟಿ, ಬರಲು ಆಗಲಿಲ್ಲ. ನಾನು, ಸುಮಾ, ಯಜಮಾನರು ಶಿವಮೊಗ್ಗದ ಪ್ರೈವೇಟ್ ಬಸ್ಸು ಹತ್ತಿದೆವು. ಕಾಲೇಜಿನ ಹುಡುಗಿಯೊಬ್ಬಳು ಎದ್ದು ಸುಮಾಗೆ ಸೀಟು ಕೊಟ್ಟಳು. ಊರು ದಾಟುವ ಮೊದಲೇ ಡ್ರೈವರ್ ಆ ಹಾಳು ಹಾರನ್ ಒತ್ತಿದ. ಬಸ್ಸಿನವರೆಲ್ಲ ಕಿವಿ ಮುಚ್ಚಿಕೊಂಡರು. ಮಗು ಅಮ್ಮನ ಎದೆಗೆ ಒರಗಿ ಆರಾಮಾಗಿ ನಿದ್ದೆ ಮಾಡುತ್ತಿತ್ತು, ರೆಪ್ಪೆ ಕೂಡ ಅಲುಗಲಿಲ್ಲ. ಸುಮಾ ನನ್ನ ಮುಖ ನೋಡಿದಳು, ನಾನು ಕಿಟಕಿಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಅವತ್ತು ಕಿವಿಯ ಡಾಕ್ಟರು ರಜೆ. ಪರೀಕ್ಷೆ ಮಾಡುವ ಹುಡುಗ ಮಿಷನ್ ರೆಡಿ ಮಾಡುತ್ತಾ, "ಕಿವಿಗೆ ಎಣ್ಣೆ ಗಿಣ್ಣೆ ಏನೂ ಹಾಕಿಲ್ಲ ತಾನೇ?" ಎಂದು ಕೇಳಿದ. ಸುಮಾ ಬಾಯಿ ತೆರೆಯುವ ಮೊದಲೇ ನಾನು, "ಇಲ್ಲಪ್ಪ, ನಾವು ಅಂಥದ್ದೆಲ್ಲ ಏನೂ ಮಾಡಲ್ಲ, ಎಲ್ಲ ಕ್ಲೀನು" ಎಂದುಬಿಟ್ಟೆ. ಬೇಕೆಂದು ಸುಳ್ಳು ಹೇಳಿದ್ದಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎರೆಯುವಾಗ ಎರಡು ಹನಿ ಬಿಡುವುದು ನನ್ನ ಲೆಕ್ಕದಲ್ಲಿ ಎಣ್ಣೆ ಹಾಕುವುದೇ ಅಲ್ಲ. ಅದು ಸ್ನಾನ. ನನ್ನ ತಾಯಿ ಬಿಟ್ಟರು, ಅವರ ತಾಯಿ ಬಿಟ್ಟರು, ಸುಮಾಗೆ ನಾನೇ ಬಿಟ್ಟಿದ್ದೇನೆ.

ಮತ್ತೆ ರೆಫರ್. ಎರಡೂ ಕಿವಿ.

"ಮೂರು ವಾರ ಬಿಟ್ಟು ಬನ್ನಿ, ಡಾಕ್ಟರ್ ನೋಡ್ತಾರೆ. ಬೇಕಾದ್ರೆ ದೊಡ್ಡ ಟೆಸ್ಟ್ ಮಾಡ್ತಾರೆ. ಅದರಲ್ಲೂ ಕೇಳಿಸಲ್ಲ ಅಂತ ಬಂದ್ರೆ ಮಿಷನ್ ಹಾಕ್ಬಹುದು, ಈಗೆಲ್ಲ ಬೇಗ ಹಾಕ್ತಾರೆ" ಎಂದ ಆ ಹುಡುಗ. ಒಳ್ಳೆಯ ಮಾತನ್ನೇ ಹೇಳಿದ, ಪಾಪ. ಮಿಷನ್ ಎಂಬ ಮಾತು ಕೇಳಿದ್ದೇ ನನಗೆ ಯಾರ ಮೇಲೋ ಸಿಟ್ಟು ಬಂತು.

ಆಲ್ಕೊಳದಿಂದ ಬೀಗಿತ್ತಿ ಫೋನ್ ಮಾಡಿ, "ನಾಮಕರಣ ಯಾವಾಗ ಇಟ್ಕೊಳ್ಳೋಣ?" ಎಂದು ಕೇಳಿದರು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾರೆ. ಕೇಳದ ಕಿವಿಗೆ ಏನಂತ ಹೇಳುವುದು? "ಈಗ ಬೇಡ ಬೀಗ್ತಿ, ಆಮೇಲೆ ನೋಡೋಣ" ಎಂದು ಫೋನ್ ಇಟ್ಟೆ. ಆ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ? ಯಜಮಾನರ ಮೇಲೆ ಹೋಯಿತು. ಅವರು ಊಟಕ್ಕೆ ಕೂತಿದ್ದರು. "ಸಾರು ಬಡಿಸ್ಲಾ?" ಎಂದು ಎರಡು ಸಲ ಕೇಳಿದೆ, ಅವರಿಗೆ ಕೇಳಿಸಲಿಲ್ಲ.

"ನಿಮ್ಮ ಕಿವಿನೇ ಬಂದಿರ್ಬೇಕು ಆ ಕೂಸಿಗೆ!" ಎಂದೆ.

ಕಾರ್ಖಾನೆಯ ಸದ್ದಿಗೆ ಹೋದ ಕಿವಿ ಮೊಮ್ಮಗಳಿಗೆ ಹೇಗೆ ಬರುತ್ತದೆ? ಅಷ್ಟು ಬುದ್ಧಿ ನನಗೂ ಇದೆ. ಆದರೂ ಅಂದೆ. ದಿನವಿಡೀ ನಾನು ಹೇಳಿದ್ದು ಯಾವುದೂ ಕೇಳಿಸದ ಮನುಷ್ಯನಿಗೆ ಅದೊಂದು ಮಾತು ಸರಿಯಾಗಿ ಕೇಳಿಸಿತು. ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಸಾರಿಲ್ಲದೆ ಕಲಸಿ ತಿಂದು ಎದ್ದರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಬೀರುವಿನ ಮೇಲಿನ ಡಬ್ಬಿ ಕೆಳಗಿದೆ. ಮೂರು ವರ್ಷದ ಹಿಂದೆ ಮಗಳು ಹಟ ಮಾಡಿ ಕೊಡಿಸಿದ ಕಿವಿಯ ಮಿಷನ್. ಗುಂಯ್ ಅನ್ನುತ್ತದೆ, ತುರಿಸುತ್ತದೆ, ಜನ ನೋಡುತ್ತಾರೆ ಎಂದು ನೂರು ನೆಪ ಹೇಳಿ ಒಂದು ದಿನವೂ ಪೂರ್ತಿ ಹಾಕದವರು ಅವತ್ತು ಕನ್ನಡಿ ಮುಂದೆ ನಿಂತು ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಏನ್ರೀ ಇದು, ಇದ್ದಕ್ಕಿದ್ದ ಹಾಗೆ?"

"ನಾಳೆ ಅದಕ್ಕೂ ಹಾಕೋದಾದ್ರೆ, ತಾತನ ಕಿವಿಲೂ ಇದೆ ಅಂತ ಗೊತ್ತಿರ್ಲಿ. ಹೆದರ್ಕೋಬಾರ್ದಲ್ಲ, ಕೂಸು" ಎಂದರು.

ನಾನು ಬಾಯಿಗೆ ಬಂದದ್ದು ಅಂದೆ, ಅವರು ಅದರಿಂದ ಮೊಮ್ಮಗಳಿಗೆ ಧೈರ್ಯ ಮಾಡಿಟ್ಟರು. ಒಳಗೆ ಹೋಗಿ ದೇವರ ಕೋಣೆಯಲ್ಲಿ ಕೂತು ಅತ್ತೆ.

ಅವತ್ತಿನಿಂದ ನಮ್ಮ ಬಡಾವಣೆಯ ಈಶ್ವರನ ಗುಡಿಗೆ ದಿನಾ ಹೋಗಲು ಶುರು ಮಾಡಿದೆ. ಹೋಗಿ ಕೇಳುವುದೇ ಕೇಳುವುದು. ಅಪ್ಪಾ, ಕೂಸಿಗೆ ಕಿವಿ ಕೊಡು. ಬೇಕಾದರೆ ನನ್ನದನ್ನು ತಗೋ. ಬಿಲ್ವಪತ್ರೆ ಕೊಡುತ್ತಾ ಕೇಳಿದೆ, ಪ್ರದಕ್ಷಿಣೆ ಹಾಕುತ್ತಾ ಕೇಳಿದೆ, ಮಂಗಳಾರತಿಯ ಗಂಟೆಯ ಸದ್ದಿನ ಮೇಲೆ ಕೇಳಿದೆ. ಒಂದು ದಿನ ಪೂಜೆಯ ಅಯ್ಯನವರು ಹೂವು ಕೊಡುತ್ತಾ ನಕ್ಕರು.

"ಗಿರಿಜಮ್ಮಾ, ನೀವು ಕೇಳಿದ್ದು ಶಿವನಿಗೆ ಕೇಳಿಸಿದೆ. ಅವನೇನೋ ಹೇಳ್ತಿರ್ತಾನೆ, ಅದು ನಿಮಗೆ ಕೇಳಿಸೋದು ಬೇಡ್ವಾ? ಅವನಿಗೂ ಸ್ವಲ್ಪ ಅವಕಾಶ ಕೊಡಿ ತಾಯಿ."

ಮೈ ಉರಿದುಹೋಯಿತು. ಈ ಅಯ್ಯನವರಿಗೆ ಮೊಮ್ಮಕ್ಕಳಿಲ್ಲವಾ ಎಂದುಕೊಂಡು ಮನೆಗೆ ಬಂದೆ. ಬರುವ ದಾರಿಯಲ್ಲೇ ಮನಸ್ಸು ತಿರುಗಿತು. ಶಿವನಿಗೆ ನಾನು ಏನು ಕೊಡಬಲ್ಲೆ? ನನ್ನ ಹತ್ತಿರ ಬೇಕಾದಷ್ಟು ಇರುವುದು ಮಾತೊಂದೇ. ಐದು ಸೋಮವಾರ ಬೆಳಗಿನಿಂದ ಸಂಜೆ ದೀಪ ಹಚ್ಚುವ ತನಕ ಮೌನ ಇರುತ್ತೇನೆ ಎಂದು ಹರಕೆ ಹೊತ್ತೆ. ಮನೆಯಲ್ಲಿ ಹೇಳಿದಾಗ ಸುಮಾ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು. "ಅಮ್ಮ, ಬೇರೆ ಏನಾದ್ರೂ ಹೊತ್ಕೋ. ಉರುಳುಸೇವೆ ಸುಲಭ ನಿಂಗೆ."

ಮೊದಲ ಸೋಮವಾರ ಎಂಟು ಗಂಟೆಗೇ ಕೆಟ್ಟಿತು. ಸೊಪ್ಪಿನವಳು ಬಾಡಿದ ಮೆಂತ್ಯವನ್ನು ಕಟ್ಟಿನೊಳಗೆ ಅಡಗಿಸಿ ಕೊಟ್ಟಳು, ನಾನು ತಡೆಯಲಾಗದೆ ಬೈದುಬಿಟ್ಟೆ. ತಪ್ಪಾಯಿತು ಶಿವನೇ ಎಂದು ಕೆನ್ನೆ ಬಡಿದುಕೊಂಡೆ, ಅದೂ ಜೋರಾಗಿಯೇ ಅಂದುಬಿಟ್ಟೆ.

ಎರಡನೇ ಸೋಮವಾರ ಸೊಪ್ಪೇ ತಗೊಳ್ಳಲಿಲ್ಲ. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ಮಗುವಿಗೆ ಎರೆದೆ, ಸಾಂಬ್ರಾಣಿ ಹಿಡಿದೆ, ಮಲಗಿಸಿದೆ. ಯಜಮಾನರು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದವರು ಮೆಲ್ಲಗೆ ಕಿವಿಯ ಮಿಷನ್ ತೆಗೆದು, ಊದಿ, ಅಂಗೈಗೆ ತಟ್ಟಿ, ಮತ್ತೆ ಸಿಕ್ಕಿಸಿಕೊಂಡರು. ಮತ್ತೆ ತೆಗೆದರು. ಆಮೇಲೆ ಒಳಗೆ ಬಂದು, "ಏ ಗಿರಿಜಾ, ಇದು ಕೆಟ್ಟೋಯ್ತು ಕಣೇ. ಬೆಳಿಗ್ಗೆಯಿಂದ ಏನೂ ಕೇಳಿಸ್ತಿಲ್ಲ" ಎಂದರು. ನಾನು ಗೋಡೆಯ ಕ್ಯಾಲೆಂಡರಿನ ಸೋಮವಾರ ತೋರಿಸಿ ಬಾಯಿಯ ಮೇಲೆ ಬೆರಳಿಟ್ಟೆ. ಅವರಿಗೆ ನೆನಪಾಗಿ ನಕ್ಕದ್ದೇ ನಕ್ಕದ್ದು. ನಾನೂ ನಕ್ಕೆ, ಸದ್ದಿಲ್ಲದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಸುಮಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಬೀಗಿತ್ತಿಯ ಫೋನ್ ಬಂತು. ಎರಡೂ ಕೈಯಲ್ಲಿ ಮಗುವನ್ನು ಹಿಡಿದಿದ್ದರಿಂದ ಸ್ಪೀಕರ್ ಹಾಕಿದಳು. ನಾನು ಮನೆಯಲ್ಲಿದ್ದರೆ ಸದ್ದಿರುತ್ತದೆ. ಸದ್ದಿಲ್ಲ ಎಂದರೆ ಗುಡಿಗೆ ಹೋಗಿದ್ದಾಳೆ ಎಂದೇ, ಸೋಮವಾರದ ಹರಕೆ ಮರೆತು, ನನ್ನ ಮಗಳು ತಿಳಿದುಕೊಂಡಿದ್ದಳು.

"ಅತ್ತೆ, ನಂಗೊಂದು ಹೆದರಿಕೆ" ಎಂದಳು ಸುಮಾ. "ಅಮ್ಮ ದಿನಾ ಪಾಪು ಕಿವಿಗೆ ಎಣ್ಣೆ ಬಿಡ್ತಾರೆ. ಡಿಸ್ಚಾರ್ಜ್ ದಿನಾನೇ ನರ್ಸ್ ಹೇಳಿದ್ರು, ಕಿವಿಗೆ ಎಣ್ಣೆ, ನೀರು ಏನೂ ಬಿಡ್ಬೇಡಿ ಅಂತ. ಫೈಲಲ್ಲೂ ಬರೆದಿದ್ದಾರೆ. ಅಮ್ಮಂಗೆ ಎರಡು ಸಲ ಹೇಳಿದೆ, ನಿಂಗೇನು ಗೊತ್ತು ಅಂತ ಬೈದ್ರು. ಅವತ್ತು ಟೆಸ್ಟ್ ಮಾಡೋನು ಕೇಳಿದ್ರೆ ಇಲ್ಲ ಅಂದ್ಬಿಟ್ರು."

"ಅಯ್ಯೋ, ಮತ್ತೆ ನೀನಾದ್ರೂ ಹೇಳ್ಬೇಕಿತ್ತಲ್ವಾ ಮಗಾ?"

"ಹೆಂಗೆ ಹೇಳ್ಲಿ ಅತ್ತೆ? ನಂಗಾಗಿ ಬೆಳಿಗ್ಗೆಯಿಂದ ಸಂಜೆ ತನಕ ಸಾಯ್ತಾರೆ. ಒಂದೊಂದ್ಸಲ ಬಾಯಿ ತೆಗಿಯೋಕೂ ಬಿಡಲ್ಲ. ಎಣ್ಣೆಯಿಂದ ಹೌದೋ ಅಲ್ವೋ ನಂಗೂ ಗೊತ್ತಿಲ್ಲ. ನನ್ನ ಮಗು ಕಿವಿ ಏನಾದ್ರೂ..." ಅಷ್ಟಕ್ಕೆ ಅವಳಿಗೆ ಅಳು ಬಂತು.

ಬಂಧುಗಳೇ, ಬೇರೆ ದಿನವಾಗಿದ್ದರೆ ಮೊದಲನೇ ಮಾತಿಗೇ ನಾನು ಎದ್ದು ಹೋಗಿ, "ಏನೇ ಅಂದೆ? ನಿನ್ನನ್ನ ಹೆಂಗೆ ಬೆಳೆಸಿದ್ದು ನಾನು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡುತ್ತಿದ್ದೆ. ಅವಳ ಮಾತು ಅಲ್ಲೇ ಸತ್ತುಹೋಗುತ್ತಿತ್ತು. ನನ್ನ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಶಿವನಿಗೆ ಕೊಟ್ಟ ಮಾತು. ಹಲ್ಲು ಕಚ್ಚಿ ಕೂತೆ. ಕೂತದ್ದಕ್ಕೆ ಪೂರ್ತಿ ಕೇಳಿಸಿತು. ಎರಡು ಸಲ ಹೇಳಿದೆ ಎಂದಳಲ್ಲ, ಹೌದು, ಹೇಳಿದ್ದಳು. ಆ ನರ್ಸ್ ಹುಡುಗಿ ಹೇಳಿದ ಏನೇನೋ ಎಂದರೆ ಇದೇ. ಯಜಮಾನರ ಕಿವಿಯನ್ನು ಇಷ್ಟು ವರ್ಷ ಆಡಿಕೊಂಡೆ. ನನಗೆ ಕಿವಿ ಇದ್ದೂ ಏನು ಬಂತು?

ಎದ್ದು ಹೋಗಿ ಎಣ್ಣೆಯ ಬಟ್ಟಲು ತಂದು ಸುಮಾಳ ಮುಂದೆ ಹಿಡಿದೆ. ಅವಳು ನನ್ನನ್ನು ನೋಡಿ ಬಿಳಿಚಿಕೊಂಡಳು. ನಾನು ಮಗುವಿನ ಕಿವಿ ತೋರಿಸಿ, ಕೈ ಮುಗಿದು, ಇನ್ನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಅಳುತ್ತಾ "ಬೈಯಮ್ಮ, ಬೈದ್ಬಿಡು" ಎಂದಳು. ಬೈಯುವ ಹಾಗಿರಲಿಲ್ಲವಲ್ಲ! ತಲೆ ಸವರಿದೆ. ದೀಪ ಹಚ್ಚಿದ ಮೇಲೆ ನಾನು ಆಡಿದ ಮೊದಲ ಮಾತು, "ತಪ್ಪಾಯ್ತು ಕಣೆ ಮಗಳೆ." ಯಜಮಾನರಿಗೂ ಅದನ್ನೇ ಹೇಳಿದೆ, ಆ ಊಟದ ದಿನದ ಮಾತಿಗೆ. ಅವರು "ಏನಂದೆ? ಕೇಳಿಸ್ಲಿಲ್ಲ" ಎಂದರು. ಮಿಷನ್ ಕಿವಿಯಲ್ಲೇ ಇತ್ತು. ಇನ್ನೊಂದು ಸಲ ಹೇಳಿಸಿಕೊಳ್ಳುವ ಆಸೆ ಅಷ್ಟೆ, ಕಿಲಾಡಿ ಮನುಷ್ಯ.

ಯುಗಾದಿಗೆ ನಾಲ್ಕು ದಿನ ಇರುವಾಗ ಮತ್ತೆ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರಮ್ಮ ಇದ್ದರು. ಅವರು ಕೇಳುವ ಮೊದಲೇ ನಾನು ಎದ್ದು ನಿಂತು, "ಹೋದ್ಸಲ ನಾನು ಸುಳ್ಳು ಹೇಳಿದ್ದೆ ಮೇಡಂ. ಕಿವಿಗೆ ಎಣ್ಣೆ ಬಿಡ್ತಿದ್ದೆ. ನಿಲ್ಲಿಸಿ ಹತ್ತು ದಿನ ಆಯ್ತು" ಎಂದೆ. ಅವರು ಗದರಲಿಲ್ಲ. ಲೈಟು ಬಿಟ್ಟು ನೋಡಿ, ಸಣ್ಣದೊಂದು ಕಡ್ಡಿಯಲ್ಲಿ ಎರಡೂ ಕಿವಿಯಿಂದ ಎಣ್ಣೆ ಸೇರಿ ಮೆತ್ತಿಕೊಂಡಿದ್ದ ಗುಗ್ಗೆ ತೆಗೆದರು. ಇಷ್ಟೇ ಇಷ್ಟು, ಸಾಸಿವೆಯಷ್ಟು. ಮಗು ಚಿಟ್ಟನೆ ಚೀರಿ, ಆಮೇಲೆ ಹಾಲು ಕುಡಿದು ಮಲಗಿತು. ಮಿಷನ್ ಹಿಡಿದರು. ನಾನು ಏನೂ ಕೇಳಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕೂತೆ, ಸುಮಾಳ ಕೈ ನನ್ನ ಕೈಯಲ್ಲಿತ್ತು.

"ಬಲಗಿವಿ ಪಾಸ್" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎಡಗಿವಿನೂ ಪಾಸ್. ಚೆನ್ನಾಗಿ ಕೇಳಿಸ್ತಿದೆ ನಿಮ್ಮ ಪಾಪುಗೆ."

ಎಣ್ಣೆಯಿಂದಲೇ ಹೀಗಾಯಿತು ಎಂದು ಅವರು ಹೇಳಲಿಲ್ಲ. ಹುಟ್ಟುವಾಗಿನ ನೀರು ಕೆಲವು ಮಕ್ಕಳ ಕಿವಿಯಲ್ಲಿ ಆರಲು ತಡವಾಗುತ್ತದಂತೆ, ಅದೂ ಇರಬಹುದು ಎಂದರು. ಎಣ್ಣೆ ಮಾತ್ರ ಮತ್ತೆ ಬಿಡಬೇಡಿ ಎಂದರು. ಈ ಸಲ ನನಗೆ ಪೂರ್ತಿ ಕೇಳಿಸಿತು.

ವಾಪಸ್ ಬರುವಾಗ ಅದೇ ರೂಟಿನ ಬಸ್ಸು. ಊರು ಬಿಡುವಾಗ ಡ್ರೈವರ್ ಹಾರನ್ ಒತ್ತಿದ. ಮಗು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿ ಬಸ್ಸು ಹಾರಿಹೋಗುವ ಹಾಗೆ ಅಳಲು ಶುರು ಮಾಡಿತು. ಕಂಡಕ್ಟರ್ ಪಾಪ, "ಸಾರಿ ಅಮ್ಮ, ಪುಟ್ಟ ಮಗು ಐತೆ ಅಂತ ಗೊತ್ತಾಗ್ಲಿಲ್ಲ" ಎಂದು ಡ್ರೈವರ್ ಮೇಲೆ ರೇಗಲು ಹೊರಟ.

"ಬೈಬೇಡಪ್ಪ ಅವನಿಗೆ! ಇನ್ನೊಂದ್ಸಲ ಹೊಡಿಯೋಕೆ ಹೇಳು!" ಎಂದೆ, ಕಣ್ಣಲ್ಲಿ ಧಾರಾಕಾರ ನೀರು. ಈ ಯಮ್ಮನಿಗೆ ಏನಾಯಿತು ಎಂದು ಬಸ್ಸಿಗೆ ಬಸ್ಸೇ ನೋಡಿತು. ಯಜಮಾನರು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇದರಲ್ಲಿ ಪವಾಡ ಏನು ಬಂತು, ಡಾಕ್ಟರು ಕಿವಿ ಕ್ಲೀನ್ ಮಾಡಿದರು ಅಷ್ಟೇ ತಾನೆ ಎಂದು ನಿಮ್ಮಲ್ಲಿ ಯಾರಾದರೂ ಅನ್ನಬಹುದು. ಅನ್ನಿ. ಡಾಕ್ಟರ ಕೈಯೂ ಶಿವನದೇ ಎಂದು ನಂಬಿದವಳು ನಾನು. ಆದರೆ ನನಗೆ ದೊಡ್ಡ ಪವಾಡ ಬೇರೆ ಇದೆ. ಹರಕೆಯ ಉಳಿದ ಸೋಮವಾರಗಳ ಮಾತು ಹಾಗಿರಲಿ, ಗಿರಿಜಮ್ಮನ ಬಾಯಿ ಆ ಒಂದು ಹಗಲು ಮುಚ್ಚಿತ್ತು, ಆ ಒಂದೇ ಹಗಲಿನಲ್ಲಿ ಅವನು ನನಗೆ ಹೇಳಬೇಕಾದ್ದನ್ನು ನನ್ನ ಮಗಳ ಬಾಯಿಂದ ಹೇಳಿಸಿದ. ನಮ್ಮ ಓಣಿಯವರನ್ನು ಕೇಳಿ ನೋಡಿ, ಇದಕ್ಕಿಂತ ದೊಡ್ಡ ಪವಾಡವನ್ನು ಅವರು ಕಂಡಿಲ್ಲ.

ಯುಗಾದಿಯ ದಿನ ಮಗುವಿಗೆ ನೆತ್ತಿಗೆ ಮಾತ್ರ ಎಣ್ಣೆ ತಟ್ಟಿ ಎರೆದೆ. ಬೇವಿನ ಹೂವು ಆರಿಸುತ್ತಾ ಜಗಲಿಯಲ್ಲಿ ಕೂತಿದ್ದಾಗ ಕೋಗಿಲೆ ಕೂಗಿತು. ತಾತನ ತೊಡೆಯ ಮೇಲಿದ್ದ ಕೂಸು ಕಾಲು ಬಡಿಯುವುದನ್ನು ನಿಲ್ಲಿಸಿತು. ಕಣ್ಣು ಅರಳಿಸಿ ಹಾಗೇ ಇತ್ತು, ಕೋಗಿಲೆ ಸುಮ್ಮನಾಗುವ ತನಕ. ತಾತನೂ ಮಿಷನ್ ಒತ್ತಿಹಿಡಿದು ಹಾಗೇ ಇದ್ದರು. "ಇದು ಇಷ್ಟು ಚೆನ್ನಾಗಿ ಕೂಗುತ್ತೆ ಅಂತ ಮರ್ತೇ ಹೋಗಿತ್ತು ಕಣೇ" ಎಂದರು. ಈಗ ಅವರು ಮಿಷನ್ ತೆಗೆಯುವುದೇ ಇಲ್ಲ. ನಾನು ಗೊಣಗಿದ್ದೆಲ್ಲ ಕೇಳಿಸುತ್ತದೆ, ಅದೊಂದು ಕಷ್ಟ.

ಮರುವಾರ ನಾಮಕರಣ. ಆಲ್ಕೊಳದಿಂದ ಎಲ್ಲರೂ ಬಂದರು. ಹೆಸರು ಹೇಳಬೇಕಾದ್ದು ಸೋದರತ್ತೆ, ಅಳಿಯನಿಗೆ ಅಕ್ಕತಂಗಿಯರಿಲ್ಲ. ಬೀಗಿತ್ತಿ ನನ್ನ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆದುಕೊಂಡು ಹೋದರು. "ನೀವೇ ಹೇಳಿ ಬೀಗ್ತಿ. ಆದ್ರೆ ಮೆಲ್ಲಗೆ. ಕೂಸಿಗೆ ಕಿವಿ ಚೆನ್ನಾಗಿದೆ ಈಗ." ಎಲ್ಲರೂ ನಕ್ಕರು.

ನಾನು ಬಗ್ಗಿದೆ. ಹಾಲಿನ ವಾಸನೆ, ಸಾಂಬ್ರಾಣಿಯ ವಾಸನೆ. ಆ ಪುಟ್ಟ ಕಿವಿಗೆ ತುಟಿ ತಾಗಿಸಿ, ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದೆ: ಚೈತ್ರಾ. ಚೈತ್ರಾ. ಮೂರನೇ ಸಲ ಹೇಳುವ ಮೊದಲೇ ಅವಳು ಬೆರಳು ಚೀಪುವುದನ್ನು ಬಿಟ್ಟು ನನ್ನ ಕಡೆಗೆ ಮುಖ ತಿರುಗಿಸಿದಳು.

ಊಟವಾದ ಮೇಲೆ ಯಜಮಾನರು ಪಕ್ಕ ಬಂದು ಕೂತು, "ಹೆಸರು ಹೇಳಿ ಆದ್ಮೇಲೂ ಅಷ್ಟೊತ್ತು ಬಗ್ಗಿಕೊಂಡೇ ಇದ್ಯಲ್ಲ, ದೇವ್ರ ಹತ್ರ ಇನ್ನೂ ಏನು ಕೇಳ್ತಿದ್ದೆ?" ಎಂದರು.

"ಏನೂ ಕೇಳ್ಲಿಲ್ಲ ರೀ" ಎಂದೆ. "ಅವಳ ಉಸಿರು ಕೇಳ್ತಿದ್ದೆ."